ಮುಂದೆ ಇಪ್ಪತ್ತು, ಹಿಂದೆ ಇಪ್ಪತ್ನಾಲ್ಕು

ಅಂಚೆಯವನು ಯಾದಗಿರಿಯ ನಮ್ಮ ಮನೆಯ ಕಟ್ಟೆಯ ಮೇಲೆ ಆ ಲಕೋಟೆ ಇಟ್ಟು ಹೋದಾಗ ಹಗಲು ಹನ್ನೊಂದು ಗಂಟೆ. ಒಡೆದು ಓದಿದೆ. "ಅವ್ವಾ, ನೌಕರಿ ಬಂತು!" ಎಂದು ಓಣಿಗೆಲ್ಲ ಕೇಳುವ ಹಾಗೆ ಕೂಗಿದೆ. ಖುಷಿಗೆ ಇನ್ನೊಮ್ಮೆ ಓದಿದೆ. ಆಗ ಕಡೆಯ ಸಾಲು ಕಣ್ಣಿಗೆ ಬಿತ್ತು. ನಾರಾಯಣಪುರದ ಕಾಲುವೆ ಕಚೇರಿಯಲ್ಲಿ ಟೈಪಿಸ್ಟಾಗಿ ಹಾಜರಾಗಲು ಕೊಟ್ಟ ಕಡೆಯ ದಿನ ಅದೇ ದಿನ! ಸಂಜೆ ಐದೂವರೆಗೆ ಕಚೇರಿ ಮುಚ್ಚುವುದರೊಳಗೆ ರಿಜಿಸ್ಟರಿನಲ್ಲಿ ಸಹಿ ಬೀಳದಿದ್ದರೆ ಆದೇಶ ರದ್ದು, ಪಟ್ಟಿಯಲ್ಲಿ ನನ್ನ ಕೆಳಗಿದ್ದವರಿಗೆ ಕೆಲಸ. ಪತ್ರ ಯಾವ ಯಾವ ಊರು ಸುತ್ತಿ ಬಂದಿತ್ತೋ ಏನೋ, ಲಕೋಟೆಯ ಮೇಲೆ ಮೂರು ಮೊಹರುಗಳಿದ್ದವು.

ನನಗೆ ಆಗ ಇಪ್ಪತ್ಮೂರು. ಕಾಲುವೆ ಅಗೆಯುತ್ತಿದ್ದ ಕಾಲ. ಯಾದಗಿರಿ, ಶಹಾಪುರ, ಸುರಪುರ ಎಲ್ಲಿ ನೋಡಿದರೂ ಟಿಪ್ಪರುಗಳ ಧೂಳು, ಜೀಪುಗಳ ಗಡಿಬಿಡಿ. ಕೃಷ್ಣೆಯ ನೀರು ಇಂದು ಬಂತು, ನಾಳೆ ಬಂತು ಎಂದು ಜನ ಹೊಲದ ಬದು ತಿದ್ದುತ್ತಿದ್ದರು. ಒಬ್ಬೊಬ್ಬರಿಗೆ ಆ ಕಾಲುವೆಯಿಂದ ಒಂದೊಂದು ಬೇಕಿತ್ತು. ನನಗೆ ಬೇಕಾದದ್ದು ಒಂದು ಕುರ್ಚಿ, ಒಂದು ಟೈಪ್‌ರೈಟರ್. ಎರಡು ವರ್ಷ ಬೆರಳು ನೋಯುವಷ್ಟು ಬಡಿದು ಪರೀಕ್ಷೆ ಪಾಸಾಗಿದ್ದೆ. ಈ ನೌಕರಿ ಬಾರದಿದ್ದರೆ ಬೇಸಿಗೆ ಮುಗಿಯುವುದರೊಳಗೆ ಒಂದು ಗಂಡು ನೋಡಿ ಅಕ್ಕಿಕಾಳು ಹಾಕಿಬಿಡುವುದು ಎಂದು ಅವ್ವ ನಿರ್ಧಾರ ಮಾಡಿಯಾಗಿತ್ತು. ಗಂಡಿನ ಮೇಲೆ ನನಗೆ ಸಿಟ್ಟಿರಲಿಲ್ಲ, ಅವನು ಯಾರೋ ನನಗೆ ಗೊತ್ತೇ ಇರಲಿಲ್ಲ. ಆದರೆ ಟೈಪ್‌ರೈಟರ್ ಗೊತ್ತಿತ್ತು.

ನಾರಾಯಣಪುರಕ್ಕೆ ಹೋಗುವ ಒಂದೇ ಬಸ್ಸು ಬೆಳಿಗ್ಗೆ ಏಳಕ್ಕೇ ಹೋಗಿತ್ತು. ಬಸ್ಸಿಂದ ಬಸ್ಸಿಗೆ ಬದಲಿಸಿ ಹೋದರೆ ಮುಟ್ಟುವುದು ದೀಪ ಹಚ್ಚುವ ಹೊತ್ತಿಗೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಅದೇ ಆಯಿತು ಎಂದುಕೊಂಡು ಕಟ್ಟೆಯ ಮೇಲೆ ಕುಸಿದು ಕುಳಿತೆ.

ನನ್ನ ಕೂಗು ಕೇಳಿ ಕಾಕಾ ಹಿತ್ತಲಿಂದ ಬಂದ. ಅಪ್ಪನ ತಮ್ಮ. ಅಪ್ಪ ತೀರಿಕೊಂಡ ಮೇಲೆ ನನ್ನನ್ನೂ ಅವ್ವನನ್ನೂ ನೋಡಿಕೊಂಡವನು ಅವನೇ. ಮದುವೆಯಾಗಿರಲಿಲ್ಲ. ಸುರಪುರ, ಶಹಾಪುರ, ಕಡೆಗೆ ಯಾದಗಿರಿ ಹೀಗೆ ಹೈಸ್ಕೂಲುಗಳಲ್ಲಿ ಡ್ರಾಯಿಂಗ್ ಮಾಸ್ತರನಾಗಿ ಇಪ್ಪತ್ತೈದು ವರ್ಷ ಕಳೆದಿದ್ದ. ಬೇಸಿಗೆ ರಜೆಯಲ್ಲೂ ಅವನ ಅಂಗಿಯ ಜೇಬಿನಲ್ಲಿ ಎರಡು ಚಾಕ್‌ಪೀಸ್ ಇರುತ್ತಿದ್ದವು. ಪತ್ರ ಇಸಿದುಕೊಂಡು ಓದಿದ. ಕೈಗಡಿಯಾರ ನೋಡಿದ.

"ಟ್ರಂಕ್ ತುಂಬು. ಮೊಸಳಿ ತಗೀತೀನಿ," ಅಂದ.

ಅವ್ವ ಬಾಗಿಲಲ್ಲೇ ನಿಂತು, "ಭೀಮಾ ದಾಟದ ಗಾಡಿ ಕೃಷ್ಣಾ ಮುಟ್ಟತದೇನು?" ಎಂದಳು.

ಮೊಸಳೆ ಎಂದರೆ ಕಾಕಾನ ಕಾರು. ಎರಡೇ ಸೀಟಿನ, ಮೇಲೆ ಛಾವಣಿಯೇ ಇಲ್ಲದ, ಹಸಿರು ಬಣ್ಣದ ವಿಲಾಯತಿ ಸ್ಪೋರ್ಟ್ಸ್ ಕಾರು. ಉದ್ದ ಮೂತಿ ಚಾಚಿಕೊಂಡು ನೆಲಕ್ಕೆ ಹತ್ತಿರವಾಗಿ ಮಲಗಿದ ಹಾಗಿತ್ತು, ಅದಕ್ಕೇ ಓಣಿಯವರು ಆ ಹೆಸರಿಟ್ಟಿದ್ದರು. ಚಕ್ರಗಳಿಗೆ ಸೈಕಲ್ಲಿಗಿದ್ದಂತೆ ತಂತಿ ಕಡ್ಡಿಗಳು. ಹೈದರಾಬಾದಿನ ಗುಜರಿಯಲ್ಲಿ ತುಕ್ಕು ಹಿಡಿದು ಬಿದ್ದಿದ್ದನ್ನು ಲಾರಿಯ ಮೇಲೆ ಹಾಕಿಸಿಕೊಂಡು ತಂದು, ಒಂಬತ್ತು ವರ್ಷ ಹಿತ್ತಲಿನ ಚಪ್ಪರದ ಕೆಳಗೆ ಒಂದೊಂದೇ ನಟ್ಟು ಬಿಗಿದು ಅದಕ್ಕೆ ಜೀವ ಬರಿಸಿದ್ದ. ಅದರ ಅಳತೆಯ ಟೈರುಗಳು ಹೈದರಾಬಾದೆಲ್ಲ ಹುಡುಕಿದರೂ ಐದೇ ಸಿಕ್ಕಿದ್ದವು. ನಾಲ್ಕು ಗಾಡಿಗೆ, ಒಂದು ಹಿಂದೆ. ಇನ್ನು ಸಿಗುವ ಮಾತಿರಲಿಲ್ಲ. ಅವು ಸವೆಯಬಾರದೆಂದು ಕಾಕಾ ಆ ಕಾರನ್ನು ಭೀಮಾ ಸೇತುವೆಯವರೆಗೆ ಒಯ್ದು ಅಲ್ಲಿಂದಲೇ ತಿರುಗಿಸಿಕೊಂಡು ಬರುತ್ತಿದ್ದ. ಮುಂದೆ ಒಂದು ಹೆಜ್ಜೆ ಇಲ್ಲ.

ಟೈರು ಸಿಕ್ಕ ಮೇಲೆ ಹುಟ್ಟಿದ್ದು ಹವಾದ ಹುಚ್ಚು. ಯಾವ ಗಾಲಿಗೆ ಎಷ್ಟು ಹವಾ ಹಾಕಬೇಕು? ಕಾರಿನ ಜೊತೆ ಬಂದ ಇಂಗ್ಲಿಷ್ ಪುಸ್ತಕದಲ್ಲಿ ಸರಿಯಾಗಿ ಆ ಹಾಳೆಯನ್ನೇ ಗುಜರಿಯ ಇಲಿಗಳು ತಿಂದಿದ್ದವು. ಯಾದಗಿರಿಯ ಪಂಕ್ಚರ್ ಅಂಗಡಿಗಳಲ್ಲಿ ಕೇಳಿದರೆ ಒಬ್ಬ ಮೂವತ್ತು ಪೌಂಡು ಎಂದ, ಇನ್ನೊಬ್ಬ ನಲವತ್ತು ಎಂದ, ಮೂರನೆಯವನು ಟೈರಿಗೆ ಮುಷ್ಟಿಯಿಂದ ಗುದ್ದಿ, "ಕಲ್ಲಾಗಬೇಕ್ರಿ ಸರ, ಕಲ್ಲು!" ಎಂದ. ಅವರ ತಪ್ಪೇನಿಲ್ಲ, ಹತ್ತಿ ಅಂಡಿಗೆ ಹೇರಿದ ಲಾರಿಗಳನ್ನು ನೋಡಿ ಬೆಳೆದ ಕೈಗಳು ಅವು. ನಮ್ಮ ಮೊಸಳೆಯೋ ಒಂದು ಎಮ್ಮೆಯ ತೂಕದ್ದು.

ಕಾಕಾ ತನ್ನದೇ ದಾರಿ ಹುಡುಕಿಕೊಂಡ. ಬೆಳಿಗ್ಗೆ ಬಿಸಿಲೇರುವ ಮೊದಲು, ಟೈರು ತಣ್ಣಗಿರುವಾಗ ಪೆನ್ನಿನಂಥ ಒಂದು ಮೀಟರಿನಿಂದ ಹವಾ ಅಳೆಯುವುದು. ಆಮೇಲೆ ಪ್ರತಿ ಟೈರಿನ ಮೇಲೂ ಈ ಅಂಚಿನಿಂದ ಆ ಅಂಚಿಗೆ ಚಾಕ್‌ಪೀಸಿನಿಂದ ದಪ್ಪ ಗೆರೆ ಎಳೆಯುವುದು. ಗಾಡಿಯನ್ನು ಹತ್ತು ಮಾರು ಉರುಳಿಸಿ ಇಳಿದು ನೋಡುವುದು. ಗೆರೆಯ ನಡುಭಾಗ ಮಾತ್ರ ಅಳಿಸಿದರೆ ಹವಾ ಹೆಚ್ಚಾಗಿದೆ, ಟೈರು ಹೊಟ್ಟೆಯ ಮೇಲೆ ನಿಂತಿದೆ. ಎರಡು ಅಂಚು ಮಾತ್ರ ಅಳಿಸಿದರೆ ಕಡಿಮೆಯಾಗಿದೆ. ಗೆರೆಗೆ ಗೆರೆಯೇ ಒಂದೇ ಸಮ ಅಳಿಸಿದರೆ ಅದು ಸರಿಯಾದ ಹವಾ. ಅಂಕಿಯನ್ನು ಇದ್ದಿಲಿನಿಂದ ಹಿತ್ತಲ ಗೋಡೆಗೆ ತಾರೀಖು ಹಾಕಿ ಬರೆಯುತ್ತಿದ್ದ. ಒಂದು ಪೌಂಡು ಏರಿಸಲು ಒಂದು ವಾರ, ಇಳಿಸಲು ಇನ್ನೊಂದು ವಾರ. ಕಡೆಗೆ ಒಬ್ಬನೇ ಕುಳಿತರೆ ಮುಂದೆ ಹದಿನೆಂಟು, ಹಿಂದೆ ಇಪ್ಪತ್ತೆರಡು ಎಂದು ತೀರ್ಮಾನವಾಯಿತು.

"ಹವಾ ಅಂದ್ರ ಅಡಿಗ್ಯಾಗಿನ ಉಪ್ಪು ಇದ್ದಂಗ. ಹೆಚ್ಚಾದ್ರ ಇಡೀ ಸಾರು ಹಾಳು," ಎನ್ನುತ್ತಿದ್ದ.

"ಉಪ್ಪು ತಗ್ಯಾಕ ಬರೂದಿಲ್ಲ. ಹವಾ ಬಿಟ್ರ ಹೋಗತದಲ್ಲ ಕಾಕಾ?" ಎಂದು ನಾನು ವಾದ ಹೂಡುತ್ತಿದ್ದೆ.

"ಹೆಚ್ಚಾಗ್ಯದ ಅಂತ ಮೊದಲ ತಿಳೀಬೇಕಲ್ಲ!"

ತೀರ್ಮಾನವಾಯಿತು ಎಂದು ನಾವು ಉಸಿರು ಬಿಡುವಷ್ಟರಲ್ಲಿ ಹೊಸ ಹುಚ್ಚು. ಪಕ್ಕದ ಸೀಟಿನಲ್ಲಿ ಒಂದು ಜೋಳದ ಚೀಲ ಕೂರಿಸಿ, ಹಗ್ಗದಿಂದ ಕಟ್ಟಿ, ಹಿಂದೆ ಹಳೆಯ ಡ್ರಾಯಿಂಗ್ ಪುಸ್ತಕ ತುಂಬಿದ ಟ್ರಂಕೊಂದನ್ನು ಬಿಗಿದು, ಮತ್ತೆ ಚಾಕ್‌ಪೀಸ್, ಮತ್ತೆ ಗೆರೆ. ವಾರಕ್ಕೆರಡು ಸಲ ಜೋಳದ ಚೀಲಕ್ಕೆ ಭೀಮಾ ದರ್ಶನ. ಓಣಿಯ ಹೆಂಗಸರು, "ಮಾಸ್ತರ್ರು ಜ್ವಾಳದ ಕೂಡ ಗಾಳಿ ತಿನ್ನಾಕ ಹೊಂಟಾರ ನೋಡ್ರೇ," ಎಂದು ಸೆರಗು ಬಾಯಿಗೆ ಹಿಡಿಯುತ್ತಿದ್ದರು. ನನಗೆ ಮುಖ ಎತ್ತಿ ನಡೆಯಲು ನಾಚಿಕೆ. ಅವ್ವನಿಗೆ ಜೋಳ ಧೂಳಾಗುತ್ತದೆ ಎಂಬ ಚಿಂತೆ.

ಇಷ್ಟು ಹೇಳಿದ ಮೇಲೆ ಆ ಹಗಲು ಹನ್ನೊಂದೂಕಾಲಕ್ಕೆ ಬರುತ್ತೇನೆ. ಕಾಕಾ ಚೀಲದ ಹಗ್ಗ ಬಿಚ್ಚಿ ಕೆಳಗಿಳಿಸಿದ. ಹಳೆಯ ಟ್ರಂಕು ತೆಗೆದು ಅದೇ ಜಾಗದಲ್ಲಿ ನನ್ನದನ್ನು ಬಿಗಿದ. "ಹವಾ ಮುಂಜಾನಿನೇ ನೋಡೀನಿ. ಮುಂದ ಇಪ್ಪತ್ತು, ಹಿಂದ ಇಪ್ಪತ್ನಾಲ್ಕು. ಬರಾಬರ್ ಅದ. ಮಾಡದಾಗಿನ ಮೀಟರ್ ತಗೊಂಡು ಬಾ, ಹೋಗೂಣು," ಎಂದ. ಮಾಡ ಎಂದರೆ ನಮ್ಮ ಕಡೆ ಗೋಡೆಯಲ್ಲಿನ ಗೂಡು. ಓಡಿಹೋದೆ. ಅದೇ ಗೂಡಿನಲ್ಲಿ ನನ್ನ ಸರ್ಟಿಫಿಕೇಟುಗಳೂ ಇದ್ದವು. ಅವನ್ನು ಎದೆಗವಚಿಕೊಂಡು ಬಂದೆ. ಮೀಟರ್ ಅಲ್ಲೇ ಬಿಟ್ಟೆ! ಭೀಮಾ ಸೇತುವೆಯ ನಡುವೆ ನೆನಪಾಯಿತು. ಸೇತುವೆಯ ಈಚೆಗೆ ಕಾಕಾ ಪ್ರತಿ ಸಲ ತಿರುಗಿಸುತ್ತಿದ್ದ ಜಾಲಿಯ ಗಿಡ ಆಗಲೇ ಹಿಂದೆ ಹೋಗಿತ್ತು. ಅವನು ಅದರ ಕಡೆ ನೋಡಿರಲೂ ಇಲ್ಲ. ನಾನು ಬಾಯಿ ಬಿಡಲಿಲ್ಲ. ಹೇಳಿದರೆ ಎಲ್ಲಿ ವಾಪಸು ತಿರುಗಿಸುತ್ತಾನೋ ಎಂಬ ಭಯ.

ಆದರೆ ಆ ಓಟ! ನಾನು ಬಸ್ಸಿನಲ್ಲಿ, ಟ್ರ್ಯಾಕ್ಟರಿನಲ್ಲಿ, ಬಂಡಿಯಲ್ಲಿ ಕುಳಿತವಳು. ಇದು ಬೇರೆಯೇ. ರಸ್ತೆ ನನ್ನ ಮೊಣಕೈಗೆ ಸಿಗುವಷ್ಟು ಹತ್ತಿರ ಹರಿಯುತ್ತಿತ್ತು. ತಲೆಯ ಮೇಲೆ ಬರೀ ಆಕಾಶ, ಜಡೆ ಹಿಂದಕ್ಕೆ ಹಾರಿ ಟ್ರಂಕಿಗೆ ಬಡಿಯುತ್ತಿತ್ತು. ಎಮ್ಮೆ ಕಾಯುವವರು ಕೋಲು ಎತ್ತಿ ಕೂಗಿದರು. ಒಂದು ಬಸ್ಸನ್ನು ಹಿಂದೆ ಹಾಕಿದಾಗ ಕಿಟಕಿಗಳಿಂದೆಲ್ಲ ತಲೆಗಳು ಹೊರಬಂದವು. ನನಗೆ ತಡೆಯಲಾಗಲಿಲ್ಲ, ಕೈ ಬೀಸಿ ಕೇಕೆ ಹಾಕಿಬಿಟ್ಟೆ. ಕಾಕಾನೂ ಹಲ್ಲು ಬಿಟ್ಟು ನಗುತ್ತಿದ್ದ. ಅವನು ಹಾಗೆ ನಗುವುದನ್ನು ನಾನು ಮೊದಲು ಕಂಡಿರಲಿಲ್ಲ.

ಶಹಾಪುರ ಮುಟ್ಟಿದಾಗ ಒಂದು ಗಂಟೆ. ಇಂಜಿನ್ ಕಾದು ಬುಸುಗುಡುತ್ತಿತ್ತು. ರೇಡಿಯೇಟರಿಗೆ ನೀರು ಹಾಕಲು ಒಂದು ಪಂಕ್ಚರ್ ಅಂಗಡಿಯ ಮುಂದೆ ನಿಲ್ಲಿಸಿದ. ಅಂಗಡಿಯವನು ಕಾಕಾನ ಹಳೆಯ ವಿದ್ಯಾರ್ಥಿ, ಈಗ ಮೀಸೆಯಲ್ಲಿ ಬಿಳಿ ಕೂದಲು. "ಸರ್ರೀ!" ಎಂದು ಕಾಲಿಗೆ ಬಿದ್ದ. ನೆರಳಿನಲ್ಲಿ ಕುರ್ಚಿ ಹಾಕಿದ, ಸೋಡಾ ತರಿಸಿದ.

"ಸರ, ಗಾಲಿಗಿ ಜರಾ ಹವಾ ನೋಡ್ಲೇನ್ರಿ?"

"ಬ್ಯಾಡಪ. ಎಲ್ಲಾ ಬರಾಬರ್ ಅದ."

ನಮ್ಮ ಸೀಮೆಯ ಪದ್ಧತಿ ಗೊತ್ತಿಲ್ಲದವರಿಗೆ ಇಲ್ಲೊಂದು ಮಾತು ಹೇಳಬೇಕು. ನಮ್ಮಲ್ಲಿ ಊಟಕ್ಕೆ ಕುಳಿತವರು ಸಾಕು ಎಂದರೆ ಒಂದು ರೊಟ್ಟಿ ಹಾಕುತ್ತಾರೆ, ಬೇಡ ಎಂದರೆ ಎರಡು ಹಾಕುತ್ತಾರೆ. ಬೇಡ ಎನ್ನುವುದು ಸಂಕೋಚಕ್ಕೆ ಎಂದು ಲೆಕ್ಕ. ಹವಾ ಹಾಕುವವರದೂ ಅದೇ ಧರ್ಮ. ಬೇಕಾದವರ ಗಾಡಿಗೆ ಹೇಳಿದ್ದಕ್ಕಿಂತ ಎರಡು ಪೌಂಡು ಹೆಚ್ಚಿಗೆ ಹಾಕಿದರೆ ಅದು ಮರ್ಯಾದೆ. ಕಾಕಾ ಸೋಡಾ ಬಾಟಲಿ ಎತ್ತಿ ಆಕಾಶ ನೋಡಿದ್ದೇ ತಡ, ಅವನು ಪೈಪು ಎಳೆದು ತಂದು ರಸ್ತೆಯ ಟಿಪ್ಪರುಗಳ ಗದ್ದಲದಲ್ಲೇ ನಾಲ್ಕೂ ಗಾಲಿಗೆ ಬುಸ್ ಬುಸ್ ಎಂದು ಕೊಟ್ಟ. ನಾನು ನೋಡಿದೆ. ಅವನು ನನಗೆ ಕಣ್ಣಿನಲ್ಲೇ, "ಇರಲಿ ಬಿಡ್ರಿ ಅಕ್ಕಾರ," ಎಂದ. ನಾನು ಹೇಳಿದರೆ ಕಾಕಾ ಮೀಟರ್ ಕೇಳುತ್ತಾನೆ. ಮೀಟರ್ ಮಾಡದಲ್ಲಿದೆ. ಎರಡು ಪೌಂಡಿಗೆ ಏನು ಊರು ಮುಳುಗುತ್ತದೆ ಎಂದು ನಾನೂ ಸೋಡಾ ಕುಡಿದೆ.

ಸುರಪುರದಲ್ಲಿ ಮತ್ತೆ ನೀರು, ಮತ್ತೊಬ್ಬ ವಿದ್ಯಾರ್ಥಿ. ಇವನದು ಇನ್ನೂ ದೊಡ್ಡ ಅಂಗಡಿ, ಕಾಲುವೆಯ ಟಿಪ್ಪರುಗಳಿಗೆ ಹವಾ ಹಾಕುವ ಕಂಪ್ರೆಸರ್. ಅವನ ಮನೆ ಹಿಂದೆಯೇ ಇತ್ತು, ಊಟ ಮಾಡದೆ ಬಿಡುವುದಿಲ್ಲ ಎಂದು ಹಟ ಹಿಡಿದ. ನಿಂತುಕೊಂಡೇ ಎರಡೆರಡು ತುತ್ತು ತಿಂದೆವು. ಕಾಕಾ ಕೈ ತೊಳೆಯಲು ಹೋದಾಗ ಅವನು ಗಾಡಿಯ ಸುತ್ತ ಒಂದು ಸುತ್ತು ಬಂದು, ಟೈರು ಒತ್ತಿ ನೋಡಿ, "ಏನಕ್ಕಾ, ಹವಾನ ಇಲ್ಲ. ಸರ್ ಗಾಡಿ ಹಿಂಗ ಹೋದ್ರ ನನಗ ಅವಮಾನ ಐತಿ," ಎಂದು ಟಿಪ್ಪರಿನ ಪೈಪು ತಂದ. ಟಿಪ್ಪರಿನ ಕೈ, ಟಿಪ್ಪರಿನ ಮನಸ್ಸು. ಇವನದು ಮರ್ಯಾದೆಯಲ್ಲ, ಮೆರವಣಿಗೆ. "ಸಾಕ್ರಿ, ಸಾಕ್ರಿ," ಎಂದೆ. ಸಾಕು ಎಂದಿದ್ದಕ್ಕೆ ಇನ್ನೊಂದಿಷ್ಟು ಹಾಕಿದ. ಆಗಲೂ ನಾನು ಕಾಕಾನಿಗೆ ಹೇಳಲಿಲ್ಲ. ಗಡಿಯಾರ ಎರಡೂವರೆ ದಾಟಿತ್ತು.

ಸುರಪುರದ ಗುಡ್ಡಗಳು ಹಿಂದಾದ ಕೂಡಲೇ ಗಾಡಿಯ ನಡೆ ಬದಲಾಯಿತು. ಇಲ್ಲಿಯವರೆಗೆ ನೆಲಕ್ಕೆ ಅಂಟಿಕೊಂಡು ಬಂದದ್ದು ಈಗ ಹಳ್ಳ ದಿಣ್ಣೆಗೆಲ್ಲ ಜಿಗಿಯತೊಡಗಿತು. ನನ್ನ ಹಲ್ಲುಗಳು ಕಟಕಟ ಎಂದವು. ಮೇಲೆ ಏಪ್ರಿಲ್ ತಿಂಗಳ ಮೂರು ಗಂಟೆಯ ಬಿಸಿಲು, ಕೆಳಗೆ ಹಂಚಿನಂತೆ ಕಾದ ರಸ್ತೆ. ಒಳಗಿನ ಹವಾ ಇನ್ನೂ ಉಬ್ಬುತ್ತಿತ್ತು. ಕಾಕಾ ಸ್ಟಿಯರಿಂಗ್ ಬಿಗಿಹಿಡಿದು, "ಏನಾಗ್ಯದ ಇದಕ್ಕ? ಸ್ಟಿಯರಿಂಗ್ ಹಗುರ ಆಗ್ಯದಲ್ಲ," ಎಂದು ಗೊಣಗುತ್ತಿದ್ದ. ಎರಡು ಸಲ ನಿಲ್ಲಿಸಿ ಇಳಿದು, ಗಾಡಿಯ ಕೆಳಗೆ ಬಗ್ಗಿ ನೋಡಿದ. ಪ್ರತಿ ಸಲ ಐದು ನಿಮಿಷ ಹೋಯಿತು. ನಾನು ಒಳಗೊಳಗೇ ಬೇಯುತ್ತಿದ್ದೆ. ಈಗ ಹೇಳಲೇ? ಕಕ್ಕೇರಾ ಬರಲಿ. ಕಕ್ಕೇರಾ ಬಂತು, ಹೋಯಿತು. ಹೇಳಲಿಲ್ಲ.

ಕಕ್ಕೇರಾ ದಾಟಿ ಸ್ವಲ್ಪ ದೂರಕ್ಕೆ ಕಾಲುವೆಯ ಮೇಲೊಂದು ಸೇತುವೆ ಕಟ್ಟುತ್ತಿದ್ದರು. ರಸ್ತೆ ಬಂದ್. ಪಕ್ಕಕ್ಕೆ ಗರಸು ಹಾಕಿದ ತಾತ್ಕಾಲಿಕ ದಾರಿ. ಒಂದು ಕಡೆ ಗರಸಿನ ಗುಡ್ಡೆ, ಇನ್ನೊಂದು ಕಡೆ ಹೊಸದಾಗಿ ಕಡಿದ ಕಾಲುವೆ, ಎರಡಾಳು ಆಳ. ನಾವು ಅರ್ಧ ಹೋಗಿರಬೇಕು, ಎದುರಿಗೆ ಒಂದು ಟಿಪ್ಪರ್ ಬಂತು. ಕಾಕಾ ಬದಿಗೆ ಎಳೆದ. ಗಾಡಿ ಕೇಳಲೇ ಇಲ್ಲ! ಸಣ್ಣ ಕಲ್ಲುಗಳ ಮೇಲೆ ಗೋಲಿಯಂತೆ ಜಾರಿತು. ಬಾಲ ಕಾಲುವೆಯ ಕಡೆಗೆ ತಿರುಗಿತು. "ಕಾಕಾ!" ಎಂದು ಕಿರುಚಿದೆ. ಅವನು ಏನು ಮಾಡಿದನೋ, ಗಾಡಿ ಒಮ್ಮೆ ಮುಗ್ಗರಿಸಿ ನಿಂತಿತು. ಟಿಪ್ಪರ್ ಧೂಳೆಬ್ಬಿಸಿ ಹೋಯಿತು. ಧೂಳು ಇಳಿದ ಮೇಲೆ ಬಗ್ಗಿ ನೋಡಿದೆ. ಹಿಂದಿನ ಗಾಲಿಗೂ ಕಾಲುವೆಯ ಅಂಚಿಗೂ ಒಂದು ಗೇಣು ಅಂತರ. ಉದುರಿದ ಕಲ್ಲುಗಳು ಕೆಳಗೆ ಬೀಳುವ ಸದ್ದು ಕೇಳುತ್ತಿತ್ತು.

ಕಾಕಾ ಇಂಜಿನ್ ಆರಿಸಿದ. "ಸ್ಟಿಯರಿಂಗ್ ಹೋಗ್ಯದ. ಮುಂದ ಒಯ್ಯೂದು ಆಗೂದಿಲ್ಲ ಮಗಳ. ನಿನ್ನ ಜೀವಕ್ಕಿಂತ ನೌಕರಿ ದೊಡ್ಡದಲ್ಲ," ಎಂದ.

ಆಗ ನನ್ನ ಬಾಯಿ ತೆರೆಯಿತು. ಅಳು, ಮಾತು ಎರಡೂ ಒಟ್ಟಿಗೇ ಬಂದವು. "ಸ್ಟಿಯರಿಂಗ್ ಅಲ್ಲ ಕಾಕಾ. ಹವಾ. ಶಹಾಪುರದಾಗ ಹಾಕಿದ್ರು. ಸುರಪುರದಾಗ ಇನ್ನೂ ಹಾಕಿದ್ರು. ನಾ ನೋಡೀನಿ. ಹೇಳಲಿಲ್ಲ."

"ಎಷ್ಟು ಹಾಕ್ಯಾರ?"

"ಗೊತ್ತಿಲ್ಲ."

"ಮೀಟರ್ ಕೊಡು."

"ಮಾಡದಾಗ ಅದ."

ಬೈಯುತ್ತಾನೆ ಎಂದು ತಲೆ ತಗ್ಗಿಸಿದೆ. ಬೈದಿದ್ದರೆ ಹಗುರಾಗುತ್ತಿತ್ತು. "ಕುಂಬಾರಗ ವರ್ಷ, ದೊಣ್ಣಿಗಿ ನಿಮಿಷ," ಎಂದಷ್ಟೇ ಅಂದು ಕೆಳಗಿಳಿದ. ಟೈರಿಗೆ ಕೈ ಇಟ್ಟು, ಸುಟ್ಟ ಹಾಗಾಗಿ ಎಳೆದುಕೊಂಡ. ಗಡಿಯಾರ ನೋಡಿದ. ನಾಲ್ಕು ಗಂಟೆಗೆ ಹತ್ತು ನಿಮಿಷ ಇತ್ತು. ನಿಧಾನವಾಗಿ ಗಾಡಿಯನ್ನು ಅಂಚಿನಿಂದ ದೂರ, ಗಟ್ಟಿ ನೆಲಕ್ಕೆ ತಂದು ನಿಲ್ಲಿಸಿದ. ಆಮೇಲೆ ಜೇಬಿಗೆ ಕೈ ಹಾಕಿ ಚಾಕ್‌ಪೀಸ್ ತೆಗೆದು ನನ್ನ ಅಂಗೈಯಲ್ಲಿಟ್ಟ.

"ಮೀಟರ್ ಇದ್ರೂ ಬಿಸಿ ಟೈರಿನ ಮ್ಯಾಲ ಅದು ಸುಳ್ಳ ಹೇಳತದ. ಇದು ಹೇಳೂದಿಲ್ಲ. ನಾ ಗಾಡಿ ಉರುಳಿಸ್ತೀನಿ. ಗೆರಿ ನೀ ಎಳಿ, ನೀ ನೋಡು. ಸಾಕು ಅನ್ನಾಕಿನೂ ನೀನ."

ಎಂಟು ತಿಂಗಳು ನಗುತ್ತ ನೋಡಿದ ಕೆಲಸ ಈಗ ನನ್ನ ಕೈಗೆ ಬಂದಿತ್ತು. ನಾಲ್ಕೂ ಟೈರಿಗೆ ಗೆರೆ ಎಳೆದೆ. ಕಾಕಾ ಹತ್ತು ಮಾರು ಉರುಳಿಸಿದ. ಓಡಿಹೋಗಿ ಬಗ್ಗಿದೆ. ನಡುವೆ ಎರಡು ಬೆರಳಿನಷ್ಟು ಮಾತ್ರ ಅಳಿಸಿತ್ತು, ಎರಡು ಕಡೆ ಬೆಳ್ಳಗೆ ಹಾಗೇ ಇತ್ತು. ಕಾರು ನಾಲ್ಕು ಬೆರಳ ತುದಿಯ ಮೇಲೆ ನಿಂತು ನಾರಾಯಣಪುರಕ್ಕೆ ಹೊರಟಿತ್ತು! ತಲೆಯ ಹೇರ್‌ಪಿನ್ ಕಿತ್ತೆ, ವಾಲ್ವಿನ ನಡುವಿನ ಕಡ್ಡಿ ಒತ್ತಿ ಹಿಡಿದೆ. ಬಿಸಿ ಗಾಳಿ ಬುಸ್ಸೆಂದು ಮುಖಕ್ಕೆ ಬಡಿಯಿತು. ಐದು ಎಣಿಸಿ ಬಿಟ್ಟೆ. ಮುಂದಿನವಕ್ಕೆ ಏಳು, ಹಿಂದಿನವಕ್ಕೆ ಐದು. ಮತ್ತೆ ಗೆರೆ, ಮತ್ತೆ ಹತ್ತು ಮಾರು. ಈಗ ನಾಲ್ಕು ಬೆರಳು ಅಳಿಸಿತ್ತು. ಮತ್ತೆ ಪಿನ್ನು. ಸೀರೆಯ ನೆರಿಗೆ ಗರಸಿನಲ್ಲಿ ಎಳೆದಾಡುತ್ತಿತ್ತು, ಬೆವರು ಕಣ್ಣಿಗೆ ಇಳಿಯುತ್ತಿತ್ತು, ಬೆರಳು ಸುಡುತ್ತಿದ್ದವು. ಆದರೂ ನಿಜ ಹೇಳುತ್ತೇನೆ, ಅಂಥ ಖುಷಿ ನನಗೆ ಯಾವ ಪರೀಕ್ಷೆಯಲ್ಲೂ ಆಗಿರಲಿಲ್ಲ. ಸೇತುವೆಯ ಕೆಲಸದವರು ಗುದ್ದಲಿ ಬಿಟ್ಟು ಸುತ್ತ ನಿಂತರು. ನಾಲ್ಕನೆಯ ಸುತ್ತಿಗೆ ಅವರೂ ಬಗ್ಗಿ ಟೈರು ನೋಡಿ, "ಹಿಂದಿಂದು ಬಲಕ್ಕ ಇನ್ನೊಂಚೂರು ಐತ್ರಿ," ಎಂದು ಸಲಹೆ ಕೊಡತೊಡಗಿದ್ದರು.

ಆರನೆಯ ಸಲ ಗೆರೆಗಳು ಈ ಅಂಚಿನಿಂದ ಆ ಅಂಚಿಗೆ ಒಂದೇ ಸಮ ಮಾಯವಾದವು. "ಸಾಕು!" ಎಂದು ಕೂಗಿದೆ. ಕಾಕಾ ಇಳಿದು ನೋಡಲಿಲ್ಲ. "ಗಾಡಿ ಹತ್ತು," ಎಂದ.

ಗಾಡಿ ನೆಲ ಹಿಡಿಯಿತು. ಅದನ್ನು ಹೇಗೆ ಹೇಳಲಿ? ತಪ್ಪಿಸಿಕೊಂಡ ಹೋರಿ ಮನೆಯವನ ಧ್ವನಿ ಕೇಳಿ ತಲೆ ತಗ್ಗಿಸಿದ ಹಾಗೆ. ಅದೇ ಗರಸಿನ ದಾರಿಯಲ್ಲಿ ಕಾಕಾ ತಿರುಗಿಸಿದ ಕಡೆಗೆ ತಿರುಗಿತು, ನಿಲ್ಲಿಸಿದಲ್ಲಿ ನಿಂತಿತು. ಡಾಂಬರು ಸಿಕ್ಕ ಮೇಲೆ ಅವನು ಮೊಸಳೆಯನ್ನು ಬಿಟ್ಟ. ನಾಲ್ಕೂವರೆ. ನಾಲ್ಕೂ ಮುಕ್ಕಾಲು. ದೂರದಲ್ಲಿ ಅಣೆಕಟ್ಟಿನ ಗೋಡೆ ಕಂಡಿತು. ಐದು ಗಂಟೆಗೆ ಒಂದು ಕುರಿಹಿಂಡು ಅಡ್ಡ ಬಂತು. ಕುರಿಗಳಿಗೆ ನನ್ನ ನೌಕರಿಯ ಚಿಂತೆ ಎಲ್ಲಿಂದ ಬರಬೇಕು! ಎದ್ದು ನಿಂತು, ಕೈಯಲ್ಲಿದ್ದ ಆದೇಶದ ಲಕೋಟೆ ಬೀಸಿ ಅವನ್ನು ಚದುರಿಸಿದೆ.

ಐದೂ ಇಪ್ಪತ್ತಕ್ಕೆ ಕಚೇರಿಯ ಮುಂದೆ ನಿಂತೆವು. ಗಾಡಿ ನಿಲ್ಲುವ ಮೊದಲೇ ಬಾಗಿಲು ಹಾರಿ ಓಡಿದೆ. ಹೆಡ್ ಕ್ಲಾರ್ಕರು ಬೀರುವಿಗೆ ಬೀಗ ಹಾಕುತ್ತಿದ್ದರು. ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಕೆದರಿದ ಕೂದಲು, ಕೆಂಪು ಧೂಳು, ಮೊಣಕೈವರೆಗೆ ಚಾಕ್‌ಪೀಸಿನ ಬಿಳಿ ಪುಡಿ.

"ಯಾವ ಸಾಲಿಯಿಂದ ಬಂದೀರವ್ವಾ?"

"ಯಾದಗಿರಿಯಿಂದ ಬಂದೀನ್ರಿ. ಟೈಪಿಸ್ಟ್. ಇವತ್ತ ಕಡೀ ದಿನ ಅದರೀ."

ಅವರು ಗೋಡೆಯ ಗಡಿಯಾರ ನೋಡಿದರು, ಬೀರು ತೆರೆದರು, ರಿಜಿಸ್ಟರ್ ತೆಗೆದರು. ಸಹಿ ಮಾಡಿದೆ. ಹಾಳೆಯ ಮೇಲೆ ನನ್ನ ಐದು ಬೆರಳಿನ ಬಿಳಿ ಗುರುತು ಬಿತ್ತು. ಒರೆಸಲು ಹೋದರೆ ಇನ್ನೂ ಹರಡಿತು. "ಇರಲಿ ಬಿಡ್ರಿ," ಎಂದು ಅವರು ನಕ್ಕರು.

ಹೊರಗೆ ಬಂದಾಗ ಕಚೇರಿಯ ಜೀಪ್ ಡ್ರೈವರ್ ಮೊಸಳೆಯ ಪಕ್ಕ ಕುಕ್ಕರುಗಾಲಲ್ಲಿ ಕುಳಿತು ಟೈರು ಒತ್ತಿ ನೋಡುತ್ತಿದ್ದ. "ಹವಾ ಬಾಳ ಕಮ್ಮಿ ಐತ್ರಿ ಸರ. ದೂರದಿಂದ ಬಂದೀರಿ, ಪಂಪ್ ತರ್ತೀನಿ ತಡೀರಿ," ಎಂದು ಎದ್ದ.

"ಮುಟ್ಟಬ್ಯಾಡ್ರಿ!" ಎಂದು ಜಗಲಿಯಿಂದಲೇ ಗುಡುಗಿದೆ. ಸರ್ಕಾರಿ ನೌಕರಿಯಲ್ಲಿ ನಾನು ಹೊರಡಿಸಿದ ಮೊದಲ ಆದೇಶ ಅದು. ಅವನು ಬೆಚ್ಚಿ ಅಲ್ಲೇ ನಿಂತ. ಕಾಕಾ ಗಾಡಿಗೆ ಒರಗಿ ಹೊಟ್ಟೆ ಹಿಡಿದುಕೊಂಡು ನಕ್ಕ.

ಒಂದು ತಿಂಗಳು ಕಳೆದು ಮೊದಲ ಸಲ ಊರಿಗೆ ಹೋದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಕೈಕಾಲು ತೊಳೆಯಲು ಹಿತ್ತಲಿಗೆ ಹೋದವಳು ಮೊಸಳೆಯ ಮುಂದೆ ನಿಂತೆ. ಟೈರಿನ ಅಂಚುಗಳು ಆ ಒಂದು ದಿನದಲ್ಲೇ ಕಲ್ಲಿಗೆ ಸಿಕ್ಕಿ ಅಲ್ಲಲ್ಲಿ ಹರಿದಿದ್ದವು. ಭೀಮಾ ದಾಟಿಸದೆ ಜೋಪಾನ ಮಾಡಿದ್ದ ಟೈರುಗಳು. ಕಣ್ಣು ತಪ್ಪಿಸಿ ಗೋಡೆ ನೋಡಿದೆ. ಇದ್ದಿಲಿನ ಅಂಕಿಗಳ ಸಾಲು. ಎಷ್ಟೋ ಸಲ ನೋಡಿದ್ದರೂ ಓದಿರಲಿಲ್ಲ. ಈಗ ಮೇಲಿನಿಂದ ಕೆಳಗೆ ಓದುತ್ತ ಬಂದೆ. ಕಡೆಯ ಸಾಲುಗಳಲ್ಲಿ ಒಂದು ಹೀಗಿತ್ತು: ಮುಂದೆ ೨೦, ಹಿಂದೆ ೨೪. ಮಗಳು, ಟ್ರಂಕು, ನಾರಾಯಣಪುರ.

ಪಕ್ಕದ ತಾರೀಖು ಆದೇಶ ಬಂದ ದಿನದ್ದಲ್ಲ. ಅದಕ್ಕೂ ಐದು ತಿಂಗಳು ಹಿಂದಿನದು. ನನ್ನ ಪರೀಕ್ಷೆಯ ಫಲಿತಾಂಶ ಕೂಡ ಆಗ ಬಂದಿರಲಿಲ್ಲ.

ಒಳಗೆ ಓಡಿದೆ. "ಅವ್ವಾ, ಆ ಜೋಳದ ಚೀಲ ಎಷ್ಟು ತೂಕ ಇತ್ತು?"

"ನಲವತ್ತಾರು ಕಿಲೋ. ಒಂದು ಬೊಗಸಿ ಹೆಚ್ಚು ಹಾಕಗೊಡಲಿಲ್ಲ, ಒಂದು ಬೊಗಸಿ ತಗ್ಯಗೊಡಲಿಲ್ಲ ನಿಮ್ಮ ಕಾಕಾ. ಯಾಕ?"

ನಾರಾಯಣಪುರದ ಕಚೇರಿಯ ಪರೀಕ್ಷೆಗೆ ಅರ್ಜಿ ಹಾಕಿ ಬಂದ ದಿನ ಕಾಕಾ ನನ್ನನ್ನು ಹತ್ತಿ ಅಡತಿಗೆ ಕರೆದೊಯ್ದಿದ್ದ. ಅಲ್ಲಿ ಯಾರೋ ಪರಿಚಯದವರೊಡನೆ ಮಾತಾಡುತ್ತ, ತಮಾಷೆಗೆಂಬಂತೆ ನನ್ನನ್ನು ಅಂಡಿಗೆ ತೂಗುವ ಕಾಟಾದ ಮೇಲೆ ನಿಲ್ಲಿಸಿದ್ದ. ನಲವತ್ತಾರು ಎಂದು ಮುಳ್ಳು ತೋರಿಸಿದಾಗ, "ನಮ್ಮ ಹುಡುಗಿ ಹತ್ತಿಗಿಂತ ಹಗುರ ಅದಾಳ," ಎಂದು ನಕ್ಕಿದ್ದ. ನಾನು ಅವಮಾನವಾಯಿತೆಂದು ಎರಡು ದಿನ ಅವನೊಡನೆ ಮಾತು ಬಿಟ್ಟಿದ್ದೆ.

ಅಂದರೆ ಅಷ್ಟು ದಿನವೂ ಭೀಮಾ ಸೇತುವೆಯವರೆಗೆ ಹೋಗಿ ಬರುತ್ತಿದ್ದವಳು ನಾನೇ! ಓಣಿಯವರು ಸೆರಗು ಬಾಯಿಗೆ ಹಿಡಿದು ನಗುವಾಗ, ನಾನು ಮುಖ ತಿರುಗಿಸಿ ನಡೆಯುವಾಗ, ಅವನು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೆಲಸಕ್ಕೆ ಕರೆದೊಯ್ಯುವುದನ್ನು ರೂಢಿ ಮಾಡುತ್ತಿದ್ದ. ನಾನು ಪಾಸಾಗುತ್ತೇನೆ ಎಂದು ನನಗೇ ನಂಬಿಕೆ ಇಲ್ಲದ ದಿನಗಳವು. ಅಳು ಬಂತು, ಅತ್ತೆ.

ಕಾಕಾ ಊಟಕ್ಕೆ ಬಂದು ಕುಳಿತ. ನಾನು ಕೇಳಿಯೇಬಿಟ್ಟೆ. "ನಾ ಪಾಸಾಗಲಿಲ್ಲಾಂದ್ರ ಏನ್ ಮಾಡ್ತಿದ್ದಿ ಕಾಕಾ?"

"ಏನ್ ಮಾಡೂದು? ಆ ಚೀಲಾನೇ ಒಯ್ದು ಹಾಜರ್ ಮಾಡ್ತಿದ್ನಿ. ಟೈಪಿಂಗ್ ಅದೂ ಕಲೀತಿತ್ತು," ಎಂದ. ತಲೆ ಎತ್ತಲಿಲ್ಲ, ರೊಟ್ಟಿ ಮುರಿಯುತ್ತಲೇ ಇದ್ದ.

"ಟೈರ್ ಹರದಾವಲ್ಲ."

"ಇಟ್ಟು ಏನ್ ಪೂಜಾ ಮಾಡ್ಲೇನು ಅವಕ್ಕ? ಎದಕ್ಕ ತಂದಿದ್ನೋ ಅದಕ್ಕ ಆದ್ವು."

ಅವ್ವ ನನ್ನ ತಟ್ಟೆಗೆ ಬಿಸಿ ರೊಟ್ಟಿ ಹಾಕಿದಳು. ಗಾಡಿಯಲ್ಲಿ ಓಡಾಡಿದ ಅದೇ ಚೀಲದ ಜೋಳ. ಅವ್ವ ಚೀಲ ಬಿಚ್ಚಿ ಹಸನು ಮಾಡಿ ಬೀಸಿಸಿದ್ದಳು. ಇನ್ನೊಂದು ಹಾಕಲು ಬಂದಾಗ ಅಭ್ಯಾಸಬಲದಿಂದ, "ಸಾಕವ್ವಾ," ಎಂದು ಕೈ ಅಡ್ಡ ಹಿಡಿದೆ.

"ಹಾಕ್ರಿ ವೈನಿ," ಎಂದ ಕಾಕಾ. "ತಿನ್ನಲಿ. ಹಿಂದಿನ ಗಾಲಿಗಿ ಒಂದು ಪೌಂಡ್ ಏರಿಸ್ತೀನಿ."

ನಾನು ಕೈ ತೆಗೆದೆ.